ಕೂಡ್ಸೋ ನರ್ಸಬಾಯಿ

ನನ್ನ ಮೂಗಿಗೆ ಈಗ ಒಂದು ಸಣ್ಣ ನಳಿಗೆ ಸಿಗಿಸಿದ್ದಾರೆ. ಮೂಲೆಯಲ್ಲಿ ಮಷೀನೊಂದು ಗುರ್ರೆನ್ನುತ್ತ ಆಕ್ಸಿಜನ್ ಕಳಿಸುತ್ತಿರುತ್ತದೆ. ಜಾಸ್ತಿ ಮಾತಾಡಿದರೆ ದಮ್ಮು ಹತ್ತುತ್ತದೆ. ಅದಕ್ಕೇ ಮೊಮ್ಮಗಳು ಕೈಗೆ ಫೋನು ಕೊಟ್ಟು, "ಅಜ್ಜಿ, ಬಾಯಿ ಬಂದ್, ಬೆರಳು ಚಾಲೂ" ಎಂದಳು. ನನ್ನ ಉಸಿರಿಗಿಂತ ಅವಳ ಕಿವಿಗೆ ಆರಾಮ ಬೇಕಾಗಿತ್ತು. ನನಗೆ ಅಷ್ಟೂ ತಿಳಿಯುವುದಿಲ್ಲವೆ? ಇರಲಿ, ಒಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ.

ಮಷೀನು ಹಚ್ಚಲು ಬಂದ ಹುಡುಗಿ ನನ್ನ ಬೆನ್ನಿಗೆ ದಿಂಬು ಒಟ್ಟಿ, ಮುಂದೊಂದು ಸ್ಟೂಲಿಟ್ಟು, "ಹಿಂಗ ಮುಂದಕ್ಕ ಬಾಗಿ ಕೂಡ್ರಿ ಅಜ್ಜಿ, ಉಸಿರು ಹಗುರ ಆಗ್ತದ" ಎಂದಳು.

"ನನಗ ಗೊತ್ತದ ತಗಿ" ಎಂದೆ.

ಹುಡುಗಿ ನಕ್ಕಳು. ಮುದುಕಿ ಸೊಕ್ಕಿನಿಂದ ಹೇಳುತ್ತಾಳೆ ಎಂದುಕೊಂಡಿರಬೇಕು. ಆದರೆ ಅದು ನನಗೆ ನಿಜವಾಗಿಯೂ ಗೊತ್ತಿತ್ತು. ಗೊತ್ತು ಮಾಡಿಸಿದವರು ಹುಮನಾಬಾದಿನ ದವಾಖಾನೆಯ ಒಬ್ಬ ನರ್ಸಬಾಯಿ. ಹೆಸರು ಬರೆಯುವುದಿಲ್ಲ. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯಲಿಲ್ಲ, ಈಗ ನಾನು ಕರೆದರೆ ಗಾಬರಿಯಾದಾರು. ಅವರು ಹೋಗಿ ಬಹಳ ವರ್ಷಗಳಾದವು. ಬಸವಕಲ್ಯಾಣದ ಮಣ್ಣಿನಲ್ಲಿ, ಅವರ ಕ್ರೈಸ್ತರ ರಿವಾಜಿನಂತೆ, ಅಂಗಾತ ಮಲಗಿದ್ದಾರೆ.

ರಾಜ್ಯ ಒಂದಾಗಿ ನಾವು ಮೈಸೂರಿನವರು ಅನ್ನಿಸಿಕೊಂಡ ಹೊಸತರಲ್ಲಿ ನಾನು ಬಸವಕಲ್ಯಾಣದಿಂದ ಹುಮನಾಬಾದಿಗೆ ಸೊಸೆಯಾಗಿ ಬಂದೆ. ಯಜಮಾನರದು ತೊಗರಿ, ಜೋಳದ ಅಡತಿ ವ್ಯಾಪಾರ. ಮನೆಯ ಮುಂಭಾಗದಲ್ಲಿ ಅಂಗಡಿ, ಒಳಗೆ ಪಡಸಾಲೆ, ಪಡಸಾಲೆಯಲ್ಲಿ ಅತ್ತೆ. ಕೆಲವು ವರ್ಷಗಳ ನಂತರ ದವಾಖಾನೆಗೆ ಈ ನರ್ಸಬಾಯಿ ಬಂದರು. ಗಂಜಿ ಹಾಕಿದ ಬಿಳಿ ಸೀರೆ, ಮಳೆ ಇರಲಿ ಬಿಡಲಿ ಕಂಕುಳಲ್ಲಿ ಕರಿ ಛತ್ರಿ. ನಡೆಯುವಾಗ ತಲೆ ಸ್ವಲ್ಪ ಮುಂದೆ. ಯಾರೋ ಕರೆದಿದ್ದಾರೆ, ತಡವಾಗಿದೆ ಎನ್ನುವಂಥ ನಡಿಗೆ. ದವಾಖಾನೆಯ ಹಿಂದೆ ಒಂದೇ ಖೋಲಿಯಲ್ಲಿ ಒಬ್ಬರೇ ಇರುತ್ತಿದ್ದರು.

ಬಂದ ಹೊಸತರಲ್ಲಿ ನಾನು ಕೇಳಿದ್ದೆ, "ನಿಮ್ಮವರು ಎಲ್ಲೆಲ್ಲಿ ಅದಾರ್ರಿ ಬಾಯಿ?"

"ಭಾಳ ದೊಡ್ಡ ಖಾಂದಾನ ನಮ್ಮದು. ಬರೇ ಯಾರೂ ಉಳದಿಲ್ಲ, ಅಷ್ಟೇ" ಎಂದರು.

ಹೇಳಿ ನಕ್ಕರು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಅವರ ಬಾಗಿಲು ತಟ್ಟಿದರೆ ಒಳಗಿನಿಂದ ಮೊದಲು ಬರುವ ಮಾತು ಒಂದೇ: "ಯಾರಿಗಿ ಆರಾಮಿಲ್ಲ?" ಬಾಗಿಲು ತೆಗೆಯುವಷ್ಟರಲ್ಲಿ ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಚೀಲ. ಕಾಯಿಲೆ ಇಲ್ಲದೆ ಅವರ ಬಾಗಿಲಿಗೆ ಯಾರೂ ಹೋಗುತ್ತಿರಲಿಲ್ಲ. ಕಾಯಿಲೆ ಇಲ್ಲದ ಮನೆಯ ಹೊಸ್ತಿಲನ್ನು ಅವರೂ ದಾಟುತ್ತಿರಲಿಲ್ಲ. ಯಾರೂ ಕರೆಯುತ್ತಲೇ ಇರಲಿಲ್ಲ. ಒಮ್ಮೆ, ಒಂದೇ ಒಮ್ಮೆ, ಯಾರಾದರೂ ಸುಮ್ಮನೆ ಬರಲಿ ಎಂದು ಆ ಜೀವ ಕಾಯುತ್ತಿತ್ತು. ಬಾಯಿ ಬಿಟ್ಟು ಅದನ್ನು ಎಂದೂ ಹೇಳಲಿಲ್ಲ. ರಜೆಯ ದಿನ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋಗುತ್ತಿದ್ದರು. "ಯಾರ ಮನಿಗ್ರಿ?" ಎಂದು ಕೇಳಿದರೆ "ಕೆರಿಗಿ" ಎನ್ನುತ್ತಿದ್ದರು. ತ್ರಿಪುರಾಂತದ ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು ಮತ್ತೆ ಬಸ್ಸು ಹತ್ತಿ ಬರುತ್ತಿದ್ದರು. ನಮ್ಮ ತವರುಮನೆ ಅದೇ ದಾರಿಯಲ್ಲಿತ್ತು.

ಜನ ಅವರನ್ನು ಹಿಂದಿನಿಂದ "ಕೂಡ್ಸೋ ನರ್ಸಬಾಯಿ" ಎನ್ನುತ್ತಿದ್ದರು. ಅದೇಕೆಂದು ಹೇಳಬೇಕು. ದಮ್ಮಿನವರು, ಎದೆಯಲ್ಲಿ ನೀರು ತುಂಬಿದವರು ಯಾರೇ ಬರಲಿ, ಬಾಯಿ ಮೊದಲು ಅವರನ್ನು ಎಬ್ಬಿಸಿ, ಗೋಡೆಗೆ ಬೆನ್ನು ಹಚ್ಚಿ, ಎಡಕ್ಕೆ ಬಲಕ್ಕೆ ದಿಂಬು ಕೊಟ್ಟು ಕೂಡಿಸಿಬಿಡುತ್ತಿದ್ದರು. ಆದರೆ ನಮ್ಮ ಲಿಂಗವಂತರಲ್ಲಿ ಹಾಗೆ ಕೂಡಿಸುವುದು ಯಾರನ್ನು? ಸತ್ತವರನ್ನು. ಮೈತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ, ಬೀಳದ ಹಾಗೆ ಕಟ್ಟಿ ಕೂಡಿಸುತ್ತೇವೆ. ಕೂಡಿಸಿಯೇ ಹೊರುತ್ತೇವೆ, ಕೂಡಿಸಿಯೇ ಮಣ್ಣು ಮಾಡುತ್ತೇವೆ. ಜೀವ ಇರುವವರನ್ನು ಹಾಗೆ ಕೂಡಿಸಿದರೆ ನೋಡಿದವರ ಎದೆ ಧಸಕ್ಕೆನ್ನದೆ ಇರುತ್ತದೆಯೆ? ಹೀಗಾಗಿ ಲಗ್ನ, ತೊಟ್ಟಿಲು ಇದ್ದ ಮನೆಯವರು ಅವರ ಛತ್ರಿ ಕಂಡರೆ ಬಾಗಿಲು ಮುಂದೆ ಮಾಡುತ್ತಿದ್ದರು.

ಬಾಯಿಗೆ ಇದೆಲ್ಲ ಗೊತ್ತಿತ್ತು. ಆದರೂ ಬಿಡುತ್ತಿರಲಿಲ್ಲ. "ಅಂಗಾತ ಮಲಗಿಸಿದ್ರ ಹೊಟ್ಟಿ ಭಾರೆಲ್ಲಾ ಎದಿ ಕಡಿ ಬರ್ತದ. ಉಸಿರು ಎಲ್ಲಿ ಕೂಡಬೇಕು? ಉಸಿರಿಗಿ ಜಾಗಾ ಕೊಡ್ರಿ" ಎನ್ನುತ್ತಿದ್ದರು. ಒಂದೇ ಬದಿಯ ಎದೆ ಕೆಟ್ಟವರಿದ್ದರೆ ಬೇರೆ ಲೆಕ್ಕ: "ಚಲೋ ಬದಿ ಕೆಳಗ ಮಾಡಿ ಮಲಗಸ್ರಿ. ರಕ್ತ ಕೆಳಗ ಇಳೀತದ. ಗಾಳಿ ಎಲ್ಲಿ ಆಡ್ತದ, ರಕ್ತನೂ ಅಲ್ಲೇ ಇರಬೇಕು." ಘಾಟಬೋರಾಳದ ಒಬ್ಬ ಗೌಡ ಕೆಟ್ಟ ಬದಿಯನ್ನೇ ಕೆಳಗೆ ಒತ್ತಿಕೊಂಡು ಮಲಗಿ ನರಳುತ್ತಿದ್ದ. ಬಾಯಿ ಅವನನ್ನು ಮಗುಚಿ ಹಾಕಿದರು. ಅವನು ಎದ್ದು ಊರಿಗೆ ಹೋಗಿ, ನರ್ಸಬಾಯಿ ನನ್ನನ್ನು ರೊಟ್ಟಿಯ ಹಾಗೆ ತಿರುವಿ ಹಾಕಿದಳು ಎಂದು ಹೇಳಿಕೊಂಡು ತಿರುಗಿದ.

ನಮ್ಮ ಅತ್ತೆಗೆ ಹಳೆಯ ದಮ್ಮು. ತೊಗರಿ ಬರುವ ಕಾಲದ ಚಳಿ, ಅಂಗಡಿಯ ಧೂಳು ಎರಡೂ ಕೂಡಿದರೆ ಎದೆಯೊಳಗೆ ಬೆಕ್ಕಿನ ಮರಿ ಹೊಕ್ಕ ಹಾಗೆ ಸದ್ದು. ಒಂದು ವರ್ಷ ಅದು ಬಹಳ ಜೋರಾಗಿ ದವಾಖಾನೆಗೆ ಒಯ್ದೆವು. ಅಲ್ಲಿ ಆಳೆತ್ತರದ ಕಬ್ಬಿಣದ ಸಿಲಿಂಡರು ಒಂದಿತ್ತು. ಖಾಲಿಯಾದರೆ ಸೊಲ್ಲಾಪುರದ ಕಡೆಯಿಂದ ಲಾರಿಯಲ್ಲಿ ಇನ್ನೊಂದು ಬರಬೇಕು. ಬಾಯಿ ಮೊದಲು ಮುಖಕ್ಕೆ ಮಾಸ್ಕ್ ಹಾಕಿದರು. ಅತ್ತೆ ಕಿತ್ತು ಒಗೆದರು.

"ನಾ ಏನ್ ಕಣದಾಗಿನ ಎತ್ತೇನವ್ವಾ, ಬಾಯಿಗಿ ಕುಕ್ಕಿ ಕಟ್ಟಾಕತ್ತಿ?"

ಆಮೇಲೆ ಕೆಂಪು ರಬ್ಬರಿನ ನಳಿಗೆಯನ್ನು ಮೂಗಿನೊಳಗೆ ಇಳಿಸಿ, ಹಣೆಗೆ ಪಟ್ಟಿ ಅಂಟಿಸಿದರು. ಗಾಳಿ ಒಂದು ನೀರಿನ ಬಾಟಲಿಯೊಳಗಿಂದ ಗುಳುಗುಳು ಎಂದು ಹಾಯ್ದು ಬರುತ್ತಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು, "ಯಾರವ ಇಲ್ಲಿ ಹುಕ್ಕಾ ಸೇದಾಕತ್ತಾನ?"

"ನಿಮಗೇ ಸೇದಾಕ ಕೊಟ್ಟೀನಿ ಸಾಹುಕಾರ್ತಿ, ಎಳೀರಿ" ಎಂದರು ಬಾಯಿ.

ಯಜಮಾನರಿಗೆ ಆ ಗುಳುಗುಳು ಸಾಲದು ಅನ್ನಿಸಿತು. "ಪೂರಾ ಬಿಡ್ರಿ! ಇದರಾಗೂ ಯಾಕ ಕಂಜೂಸಿ?"

"ಹಳೀ ದಮ್ಮಿನವರಿಗಿ ಜಾಸ್ತಿ ಬಿಟ್ರ ಉಸಿರು ಮೈಗಳ್ಳ ಆಗ್ತದ್ರಿ, ಹಂಗೇ ಮಂಪರ ಹತ್ತಿ ಮಲಗಿಬಿಡ್ತಾರ. ಡಾಕ್ಟರ್ ಸಾಹೇಬ್ರು ಇಷ್ಟೇ ಬಿಡು ಅಂದಾರ. ತೊಗರಿ ಅಳೀವಾಗ ನೀವು ಕೈ ಬಿಗಿ ಹಿಡೀತೀರಲ್ಲ, ಇಲ್ಲಿ ನಾ ಹಿಡದೀನಿ."

ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಯಜಮಾನರು ನನ್ನ ಕಡೆ ನೋಡಿದರು. ನಾನು ಸಿಲಿಂಡರಿನ ಕಡೆ ನೋಡಿದೆ.

ಸಿಲಿಂಡರು ಮುಗಿಯಿತು. ಅಷ್ಟರಲ್ಲಿ ಅತ್ತೆಯ ಉಸಿರು ತುಸು ಹತೋಟಿಗೆ ಬಂದಿತ್ತು. ಡಾಕ್ಟರು ಔಷಧಿ ಕೊಟ್ಟು, "ಮನಿಗಿ ಒಯ್ರಿ, ಆದರ ಕೂಡಿಸೇ ಇಡ್ರಿ" ಎಂದು ಕಳಿಸಿದರು. ಮನೆಯಲ್ಲಿ ಆ ಮಾತು ಯಾರಿಗೆ ಬೇಕು? ನೋಡಲು ಬಂದವರೆಲ್ಲ, "ಪಾಪ, ಎಷ್ಟ್ ದಣದಾಳ, ಮಲಗಸ್ರಿ" ಎಂದು ಅಂಗಾತ ಮಲಗಿಸುವವರೇ. ನಾನು ಎಬ್ಬಿಸುವುದು, ಅವರು ಮಲಗಿಸುವುದು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅತ್ತೆಯ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ನಾನು ದವಾಖಾನೆಗೆ ಓಡಿದೆ.

ಬಾಯಿ ಬಂದರು, ಬಂದವರೇ ಅತ್ತೆಯನ್ನು ಎತ್ತಿ ಗೋಡೆಗೆ ಆನಿಸಿ ಕೂಡಿಸಿದರು. ಹಣೆಯ ಮೇಲೆ ಮುಂಜಾನೆ ಹಚ್ಚಿಕೊಂಡ ವಿಭೂತಿ ಇನ್ನೂ ಇತ್ತು. ಕಣ್ಣು ಮುಚ್ಚಿದ್ದವು. ಸರಿಯಾಗಿ ಅದೇ ಹೊತ್ತಿಗೆ ಬಾಜೂಮನೆಯ ಕಾಕಿ ಒಳಗೆ ಕಾಲಿಟ್ಟವಳು ಆ ದೃಶ್ಯ ನೋಡಿ ಎದೆ ಬಡಿದುಕೊಂಡು ಸ್ವರ ತೆಗೆದಳು:

"ಅಯ್ಯೋ ನನ್ನಕ್ಕಾ, ನನ್ನ ಬಿಟ್ಟು ಹೋದ್ಯಲ್ಲವ್ವಾ!"

ಅತ್ತೆ ಒಂದು ಕಣ್ಣು ತೆರೆದರು. "ಎಲ್ಲಿಗಿ?"

ಕಾಕಿ ಅಲ್ಲೇ ಕುಸಿದು ಕೂತಳು. ಅವಳಿಗೇ ನೀರು ಚಿಮುಕಿಸಬೇಕಾಯಿತು. ಆದರೆ ಅತ್ತೆ ತಮ್ಮ ಹಿಂದಿನ ಗೋಡೆ ಮುಟ್ಟಿ ನೋಡಿದರು, ಎಡಬಲದ ದಿಂಬು ನೋಡಿದರು. "ನಾ ಹಿಂಗ ಕೂಡಾಕಿ ಅಲ್ಲ. ಕೂಡ್ಸೂ ವ್ಯಾಳ್ಯಾ ಬಂದಾಗ ಹ್ಯಾಂಗೂ ಕೂಡ್ಸತೀರಿ. ಈಗ ಮಲಗಸ್ರಿ ನನಗ" ಎಂದು ಜಾರತೊಡಗಿದರು. ಪ್ರತಿ ಮಾತಿಗೂ ಉಸಿರು ಹರಿದು ಹೋಗುತ್ತಿತ್ತು.

ಬಾಯಿ ಅತ್ತೆಯನ್ನು ಗೋಡೆಯಿಂದ ಸರಿಸಿ ಚಾಪೆಯ ನಡುವೆ ತಂದರು. ಚಪ್ಪಲಿ ಬಿಟ್ಟು, ಅತ್ತೆಯ ಹಿಂದೆ, ಅತ್ತೆಗೆ ಬೆನ್ನು ಮಾಡಿ ಕೂತರು. "ಗೋಡಿ ಬ್ಯಾಡಲ್ಲ? ಬಿಡ್ರಿ. ನನ್ನ ಬೆನ್ನಿಗಿ ಆತು ಕೂಡ್ರಿ. ಸತ್ತವರ ಬೆನ್ನಿಗಿ ಯಾರೂ ಹಿಂಗ ಬೆನ್ನು ಕೊಡೂದಿಲ್ಲ."

ಅತ್ತೆ ಆತು ಕೂತರು. ಒಬ್ಬರ ಮುಖ ಒಬ್ಬರಿಗೆ ಕಾಣದು. ಬಿಸಿಲು ಅಂಗಳ ದಾಟುವವರೆಗೆ ಬಾಯಿ ಹಾಗೇ ಕೂತಿದ್ದರು. ಬೆನ್ನಿನಿಂದಲೇ ಉಸಿರು ಎಣಿಸುತ್ತಿದ್ದರೋ ಏನೋ, ಕಣ್ಣು ಮುಚ್ಚಿದ್ದವು.

ಆದರೆ ಬೆನ್ನು ದವಾಖಾನೆಗೆ ವಾಪಸು ಹೋಗಲೇಬೇಕಲ್ಲ! ಆಗ ನನ್ನ ತಲೆಗೆ ಒಂದು ಕಿತಾಪತಿ ಹೊಳೆಯಿತು. ಅಂಗಡಿಗೆ ಹೋಗಿ ಯಜಮಾನರನ್ನು ಗಾದಿಯಿಂದ ಎಬ್ಬಿಸಿದೆ. ಗಾದಿ, ಎರಡು ದೊಡ್ಡ ಲೋಡುದಿಂಬು, ಗಲ್ಲಾಪೆಟ್ಟಿಗೆ, ಎಲ್ಲವನ್ನೂ ಪಡಸಾಲೆಗೆ ಹೊರಿಸಿದೆ.

"ನಾ ಎಲ್ಲಿ ಕೂಡ್ಲಿ?" ಎಂದರು ಯಜಮಾನರು.

"ಚೀಲದ ಮ್ಯಾಲ ಕೂಡ್ರಿ. ನಿಮ್ಮ ಉಸಿರು ಚಲೋ ಅದ."

ಗಾದಿಯ ಮೇಲೆ ಅತ್ತೆ, ಬೆನ್ನಿಗೆ ಲೋಡು, ಮುಂದೆ ಗಲ್ಲಾಪೆಟ್ಟಿಗೆ, ಅದರ ಮೇಲೊಂದು ದಿಂಬು. ಮೊಣಕೈ ಎರಡನ್ನೂ ಅದರ ಮೇಲಿಟ್ಟು ಅತ್ತೆ ಮುಂದಕ್ಕೆ ಬಾಗಿದರು. ಹೆಗಲು ಇಳಿಯಿತು. ಎದೆಯೊಳಗಿನ ಬೆಕ್ಕಿನ ಮರಿ ಸಣ್ಣಗಾಯಿತು. ಹುಡಗಿ ಎಂಬ ಹಳ್ಳಿಯಿಂದ ಬಂದ ರೈತನೊಬ್ಬ ಬಾಗಿಲಲ್ಲಿ ನಿಂತು, "ಶರಣ್ರೀ ಸಾಹುಕಾರ್ತಿ! ಈಗ ಕಾರಭಾರ ನಿಮ್ಮದೇ ಏನ್ರಿ?" ಎಂದ. ಅತ್ತೆ ಏದುಸಿರಿನಲ್ಲೇ, "ಹೌದು. ತೊಗರಿ... ಹಸೀ ಅದ... ಒಣಗಿಸಿ ತಾ" ಎಂದರು. ಸತ್ತವರು ಯಾರಾದರೂ ತೊಗರಿ ವಾಪಸು ಕಳಿಸುತ್ತಾರೆಯೆ? ಅವತ್ತಿನಿಂದ ಅತ್ತೆ ಕೂತುಕೊಳ್ಳಲು ಅಂಜಲಿಲ್ಲ.

ಸಂಜೆ ನೋಡಲು ಬಂದ ಬಾಯಿ ಹೊಸ್ತಿಲಲ್ಲೇ ನಿಂತರು. ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಛತ್ರಿ ಅಲುಗಾಡುತ್ತಿತ್ತು. ನಗುತ್ತಿದ್ದರು. "ಇಷ್ಟ ವರ್ಷ ದಿಂಬ ಒಟ್ಟೀನಿ, ಗಲ್ಲಾಪೆಟ್ಟಿಗಿ ಹೊಳದಿಲ್ಲ ನೋಡು ತಂಗಿ ನನಗ" ಎಂದರು. ನನ್ನನ್ನು ತಂಗಿ ಎಂದದ್ದು ಅದೇ ಮೊದಲು.

ಅತ್ತೆ ಉಳಿದರು. ಉಳಿದದ್ದಷ್ಟೇ ಅಲ್ಲ, ಗಲ್ಲಾಪೆಟ್ಟಿಗೆಯನ್ನು ಮತ್ತೆ ಬಿಡಲಿಲ್ಲ. ಯಜಮಾನರು ಬಹಳ ವರ್ಷ ಚೀಲದ ಮೇಲೆಯೇ ಕೂತರು.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಊರಿನಲ್ಲಿ ಯಾರೂ ಇರುವುದಿಲ್ಲ. ಸಜ್ಜೆ ರೊಟ್ಟಿ, ಅಂಬಲಿ, ಹತ್ತೆಂಟು ಥರದ ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯುತ್ತಾರೆ. ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ ಕೈಹಿಡಿದು ಎಳೆದು ಉಣ್ಣಿಸುತ್ತಾರೆ. ನಾನು ಅತ್ತೆಗೆ ಹೇಳಿದೆ, "ಅತ್ತಿ, ನರ್ಸಬಾಯಿಗಿ ಹೊಲಕ್ಕ ಕರೀಲೇನು?"

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು, "ಜೀವಾ ಉಳಿಸ್ಯಾಳ, ಖರೆ. ಆಕಿ ಋಣ ತೀರೂದಿಲ್ಲ. ಆದರ ಮಂದಿ ಎಲ್ಲಾ ಕೂಡಿದಲ್ಲಿ... ಬ್ಯಾಡ ಯವ್ವಾ. ಆಕಿ ಕಂಡ್ರ ನನಗಿನ್ನೂ ಆ ಗೋಡಿ ನೆನಪಾಗ್ತದ."

ಅತ್ತೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಗೋಡೆಯನ್ನು ನಾನೂ ನೋಡಿದ್ದೆ. ಹೊಲದಲ್ಲಿ ಪೂಜೆ ಮುಗಿದ ಮೇಲೆ, ತಲೆನೋವು ಎಂದು ಸುಳ್ಳು ಹೇಳಿ, ಡಬ್ಬಿಯಲ್ಲಿ ಭಜ್ಜಿ ಹಾಕಿಕೊಂಡು ಊರಿಗೆ ಬಂದೆ. ಬಜಾರಿನಲ್ಲಿ ಒಂದು ನಾಯಿಯೂ ಇರಲಿಲ್ಲ, ಅವೂ ಹೊಲಕ್ಕೆ ಹೋಗಿದ್ದವು. ದವಾಖಾನೆಯ ಹಿಂದಿನ ಖೋಲಿಯ ಬಾಗಿಲು ತಟ್ಟಿದೆ.

"ಯಾರಿಗಿ ಆರಾಮಿಲ್ಲ?"

ಬಾಗಿಲು ತೆರೆಯಿತು. ಚಪ್ಪಲಿ, ಚೀಲ, ಛತ್ರಿ, ಎಲ್ಲ ತಯಾರು. "ಸಾಹುಕಾರ್ತಿಗಿ ಮತ್ತ ದಮ್ಮು ಹತ್ಯಾದೇನು?"

"ಇಲ್ರಿ. ಎಲ್ಲಾರೂ ಆರಾಮ ಅದಾರ."

"ಮತ್ತ ಯಾರಿಗಿ?"

"ಯಾರಿಗೂ ಏನೂ ಆಗಿಲ್ರಿ ಬಾಯಿ. ಸುಮ್ನ ಬಂದೀನಿ. ಭಜ್ಜಿ ತಂದೀನಿ."

ಬಾಯಿ ಚೀಲ ಕೆಳಗಿಟ್ಟರು, ಮತ್ತೆ ಎತ್ತಿದರು, ಮತ್ತೆ ಇಟ್ಟರು. ಖೋಲಿಯಲ್ಲಿ ಒಂದು ಮಂಚ, ಒಂದು ಟ್ರಂಕು, ಒಂದೇ ತಾಟು. ಮಂಚದ ಕಡೆ ನೋಡಿದರು, ಟ್ರಂಕಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. "ನೋಡು ತಂಗಿ, ಆರಾಮಿಲ್ದವರನ್ನ ಹ್ಯಾಂಗ ಕೂಡ್ಸಬೇಕು ನನಗ ಗೊತ್ತದ. ಸುಮ್ನ ಬಂದವರನ್ನ ಎಲ್ಲಿ ಕೂಡ್ಸತಾರ?"

ನಾನು ಮಂಚದ ಮೇಲೆ ಕುಪ್ಪಳಿಸಿ ಕೂತು, "ಇಲ್ಲಿ" ಎಂದೆ. ಒಂದೇ ತಾಟಿನಲ್ಲಿ ಇಬ್ಬರೂ ಉಂಡೆವು. ಉಂಡ ಮೇಲೆ ಬಾಯಿ ಡಬ್ಬಿಯನ್ನು ತೊಳೆದು, ಒರೆಸಿ, ಮತ್ತೆ ತೊಳೆದರು. ಡಬ್ಬಿ ಕೊಟ್ಟರೆ ನಾನು ಹೊರಟುಬಿಡುತ್ತೇನಲ್ಲ.

ಮುಂದೆ ಎಷ್ಟೋ ಎಳ್ಳ ಅಮಾವಾಸ್ಯೆಗೆ ನನಗೆ ತಲೆನೋವು ಬಂತು. ಕೆಲವು ವರ್ಷ ಆಗಲಿಲ್ಲ; ಬಾಣಂತನ, ಬೀಗರು, ಏನಾದರೊಂದು. ಬೇರೆ ಯಾರೂ ಹೋಗಲಿಲ್ಲ. ಆಮೇಲೆ ಅವರಿಗೆ ಬಸವಕಲ್ಯಾಣಕ್ಕೆ ವರ್ಗವಾಗಿ, ಅಲ್ಲೇ ನಿವೃತ್ತಿಯೂ ಆಯಿತು. ಕೆರೆಯ ಕಡೆ ಬಾಡಿಗೆಯ ಒಂದು ಖೋಲಿ ಹಿಡಿದರು. ಹೋಗುವ ದಿನ ಹುಮನಾಬಾದಿನ ಬಸ್‌ಸ್ಟ್ಯಾಂಡಿಗೆ ಕಳಿಸಲು ಬಂದವಳು ನಾನೊಬ್ಬಳೇ. "ಯಾರಿಗೂ ಏನೂ ಆಗ್ದಿದ್ರೂ ಬಾ" ಎಂದರು ಕಿಟಕಿಯಿಂದ. ಬಸ್ಸು ಹೊರಟ ಮೇಲೆ ನಗಬೇಕೆಂದು ನೆನಪಾಯಿತು.

ಎಂಬತ್ತರ ದಶಕದ ಒಂದು ಚಳಿಗಾಲ, ಎಳ್ಳ ಅಮಾವಾಸ್ಯೆಗೆ ತವರಿಗೆ ಹೋಗಿದ್ದೆ. ಅತ್ತೆ ಅಷ್ಟರಲ್ಲಿ ತೀರಿಹೋಗಿದ್ದರು. ಗೋಡೆಗೆ ಆನಿಸಿ ಕೂಡಿಸುವ ಕಾಲ ಬಂದಾಗ, ನಾನು ಹಿಂದೆ ಲೋಡು ಇಡಿಸಿದ್ದೆ. ಅಣ್ಣನ ಮನೆಯವರೆಲ್ಲ ಹೊಲಕ್ಕೆ ಹೋದರು. ನನಗೆ ಎಂದಿನ ತಲೆನೋವು. ಡಬ್ಬಿ ಹಿಡಿದು ಕೆರೆಯ ದಾರಿ ಹಿಡಿದೆ. ಬಾಗಿಲು ತಟ್ಟಿದೆ. ಒಳಗಿನಿಂದ ಮಾತು ತುಂಡು ತುಂಡಾಗಿ ಬಂತು.

"ಯಾರಿಗಿ... ಆರಾಮಿಲ್ಲ?"

ಬಾಗಿಲು ತೆರೆದೇ ಇತ್ತು. ಬಾಯಿ ಮಂಚದ ಮೇಲೆ ಕೂತು, ಟ್ರಂಕನ್ನು ಮುಂದೆ ನಿಲ್ಲಿಸಿ, ಅದರ ಮೇಲೆ ದಿಂಬಿಟ್ಟು ಬಾಗಿದ್ದರು. ಪಾದ ಬಾತಿದ್ದವು.

"ನಿಮಗ್ರಿ ಬಾಯಿ" ಎಂದೆ.

ತಲೆ ಎತ್ತಿದರು. ಗುರುತು ಹಿಡಿದು ಕಣ್ಣು ನಕ್ಕವು. "ಗಲ್ಲಾಪೆಟ್ಟಿಗಿ ಇಲ್ಲ... ಟ್ರಂಕ ಅದ." ಗುಂಡಿಗೆ ದಣಿದಿದೆಯಂತೆ, ಎದೆಗೆ ನೀರು ಇಳಿಯುತ್ತಿದೆಯಂತೆ. ಕಲಬುರ್ಗಿಗೆ ಹೋಗು ಎಂದು ಡಾಕ್ಟರು ಹೇಳಿದ್ದಾರೆ. ಇಲ್ಲಿಯ ದವಾಖಾನೆಯಲ್ಲಿ ಮೂಗಿಗೆ ನಳಿಗೆ ಹಾಕಿದ್ದಾಗ ಹಗುರ ಆಗಿತ್ತು, ಮನೆಗೆ ಬಂದ ಮೇಲೆ ಮತ್ತೆ ಇದೇ. ಹಿಂದೆ ದಿಂಬು ಒಟ್ಟಿದರೆ ಜಾರುತ್ತವೆ, ಎತ್ತಿಡಲು ಯಾರೂ ಇಲ್ಲ. ಕಣ್ಣಿಗೆ ನಿದ್ದೆ ಹತ್ತಿ ಎಷ್ಟೋ ದಿನವಾಗಿತ್ತು.

ನಾನು ಚಪ್ಪಲಿ ಬಿಟ್ಟು ಮಂಚ ಹತ್ತಿದೆ. ಅವರ ಹಿಂದೆ, ಅವರಿಗೆ ಬೆನ್ನು ಮಾಡಿ ಕೂತೆ. "ಆತು ಕೂಡ್ರಿ ಬಾಯಿ."

ಮೊದಲು ಭಾರ ಬಿಡಲಿಲ್ಲ. ಆ ಬೆನ್ನಿಗೆ ಇನ್ನೊಬ್ಬರ ಮೇಲೆ ಭಾರ ಹಾಕಿ ಗೊತ್ತೇ ಇರಲಿಲ್ಲ. ಮೆಲ್ಲಗೆ, ಒಂದೊಂದೇ ಎಲುಬಾಗಿ ಇಳಿದು ಬಂದು ನನಗೆ ಆತುಕೊಂಡಿತು.

"ನಿಮ್ಮ ಮಂದಿ ಸತ್ತಮ್ಯಾಲ ಕೂಡ್ಸತಾರ... ನಮ್ಮ ಮಂದಿ ಮಲಗಸ್ತಾರ" ಎಂದರು. "ಜನ್ಮೆಲ್ಲಾ ಕೂಡ್ಸಿದಾಕಿಗಿ... ಕಡೀಕ ಮಲಗೂ ಯೋಗ... ಚಲೋ ಆತು." ನಕ್ಕದ್ದು ನನ್ನ ಬೆನ್ನಿಗೆ ತಿಳಿಯಿತು.

ಸ್ವಲ್ಪ ಹೊತ್ತಿಗೆ ಉಸಿರು ಉದ್ದವಾಯಿತು. ತಲೆ ನನ್ನ ಹೆಗಲಿಗೆ ವಾಲಿತು. ನಿದ್ದೆ ಹತ್ತಿತ್ತು. ನನ್ನ ಎದುರಿಗೆ ಕಿಟಕಿ, ಕಿಟಕಿಯಲ್ಲಿ ಕೆರೆ, ಊರೆಲ್ಲ ಖಾಲಿ. ಕಾಲು ಜೋಮು ಹಿಡಿದವು. ಎದ್ದರೆ ಅವರು ಬೀಳುತ್ತಾರೆ. ಹಾಗೇ ಕೂತೆ.

ಹೊತ್ತು ಮುಳುಗುವ ಮುಂಚೆ ಯಾರೋ ಬಾಗಿಲು ತಟ್ಟಿದರು. ಬಾಯಿಗೆ ಎಚ್ಚರವಾಗಲಿಲ್ಲ. ನನಗೇ ತಿಳಿಯದೆ ನನ್ನ ಬಾಯಿಂದ ಮಾತು ಹೊರಟಿತು, "ಯಾರಿಗಿ ಆರಾಮಿಲ್ಲ?"

ಎದುರುಮನೆಯ ಹೆಣ್ಣುಮಗಳು ಬಾಗಿಲಲ್ಲಿ ನಿಂತಿದ್ದಳು. ಹೊಲದಿಂದ ಆಗಷ್ಟೇ ಬಂದಿದ್ದಳು, ಕಾಲಿಗೆಲ್ಲ ಕರಿ ಮಣ್ಣು. "ಯಾರಿಗೂ ಏನೂ ಆಗಿಲ್ರಿ. ಸುಮ್ನ ಬಂದೀನಿ. ಬಾಯಿ ಒಬ್ಬರೇ ಇರ್ತಾರಲ್ಲ, ಭಜ್ಜಿ ತಂದಿದ್ದೆ."

ಕಣ್ಣಿನಿಂದಲೇ ಸನ್ನೆ ಮಾಡಿದೆ. ಅವಳು ಹೊಸ್ತಿಲೊಳಗೆ ಬಟ್ಟಲಿಟ್ಟು, ನಮ್ಮನ್ನು ನೋಡುತ್ತ ಒಂದು ಗಳಿಗೆ ನಿಂತು, ಸದ್ದಿಲ್ಲದೆ ಹೋದಳು.

ದೀಪ ಹಚ್ಚುವ ಹೊತ್ತಿಗೆ ಬಾಯಿಗೆ ಎಚ್ಚರವಾಯಿತು. ಎದುರುಮನೆಯವಳು ಬಂದುಹೋದದ್ದನ್ನು ಹೇಳಿದೆ. ಮತ್ತೊಮ್ಮೆ ಹೇಳು ಎಂದರು. ಮತ್ತೊಮ್ಮೆ ಹೇಳಿದೆ.

"ಯಾರಿಗೂ ಏನೂ ಆಗಿರ್ಲಿಲ್ಲ?"

"ಇಲ್ರಿ. ಸುಮ್ನ ಬಂದಿದ್ಲು."

ಬೆನ್ನು ನೆಟ್ಟಗಾಯಿತು. ಉಸಿರು ಕೂಡಿಸಿಕೊಂಡು ಕೇಳಿದರು, "ಎಲ್ಲಿ ಕೂಡ್ಸಿದಿ ಆಕಿಗಿ?"